ಗಂಡನ ಹೆಸರು ಹೇಳದ ಬೀದಿಯ ಖಾಲಿ ಸೀಟು

ಪುರಸಭೆಯ ಒಂದೇ ಒಂದು ಖಾಲಿ ಸೀಟು ತುಂಬಿಸಲು ಹೋಗಿ ನಾನು ಕಳೆದುಕೊಂಡದ್ದು ಹನ್ನೊಂದು ತಿಂಗಳು, ಒಂದು ಬೀದಿಯ ನಂಬಿಕೆ, ಮತ್ತು ಆ ಬೀದಿಯ ಕುಡಿಯುವ ನೀರು. ಮೊದಲೆರಡು ನನ್ನವು, ಹೋದರೆ ಹೋಗಲಿ ಎನ್ನಬಹುದು. ಮೂರನೆಯದು ನನ್ನದಾಗಿರಲಿಲ್ಲ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವನು ಬಂಗಾರಪೇಟೆಯಲ್ಲಿಲ್ಲ ಎಂಬ ಗುಂಗಿನಲ್ಲಿದ್ದೆ. ಅರ್ಧ ದಿನ ಕೂತು ಓದಬೇಕಾಗಿದ್ದ ಒಂದು ಪಟ್ಟಿಯನ್ನು ಓದಲಿಲ್ಲ. ಒಬ್ಬ ಮನುಷ್ಯ ಆಡಿದ ಮಾತಿನಲ್ಲಿ ಒಂದು ಪದ ಕಡಿಮೆ ಇದ್ದುದನ್ನು ಗಮನಿಸಲಿಲ್ಲ. ಅಷ್ಟಕ್ಕೇ ಹೋಯಿತು.

ಗಣಿಗಳು ಕಂಪನಿಯವರಿಂದ ಸರ್ಕಾರದ ಕೈಗೆ ಬಂದು, ಜನ ನಯಾಪೈಸೆ ಎಣಿಸುವುದನ್ನು ಇನ್ನೂ ಕಲಿಯುತ್ತಿದ್ದ ಕಾಲ. ನನ್ನದು ಗೋಣಿಚೀಲದ ವ್ಯಾಪಾರ. ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಹಿಂದಿನ ಬೀದಿಯಲ್ಲಿ ಅಂಗಡಿ, ಮೇಲೆ ಮನೆ. ಆ ಬೀದಿಯ ಗಂಡಸರಲ್ಲಿ ಅರ್ಧ ಜನ ಬೆಳಗಿನ ರೈಲಿಗೆ ಊರಿಗಾಂ ಕಡೆ ಗಣಿ ಕೆಲಸಕ್ಕೆ ಹೋಗುತ್ತಿದ್ದರು, ಇನ್ನರ್ಧ ಜನ ಷೆಡ್ಡಿನಲ್ಲಿ ಮೂಟೆ ಹೊರುತ್ತಿದ್ದರು. ಇಡೀ ಬೀದಿಗೆ ಕುಡಿಯಲು ಇದ್ದದ್ದು ಒಂದು ಕಲ್ಲುಕಟ್ಟಿನ ಬಾವಿ. ಅದರ ಮೇಲ್ಗಡೆಯ ದಿಣ್ಣೆಯಲ್ಲಿ ಊರ ಕಕ್ಕಸಿನ ಗಾಡಿಗಳನ್ನು ಸುರಿದು ಗೊಬ್ಬರ ಮಾಡುವ ಗುಂಡಿಗಳನ್ನು ತೋಡಬೇಕೆಂದು ಪುರಸಭೆಯ ಅಧ್ಯಕ್ಷರ ಕಡೆಯವರು ಹಟ ಹಿಡಿದಿದ್ದರು. ದಿಣ್ಣೆಯ ಮೇಲೆ ಬಿದ್ದ ಮಳೆನೀರು ಬಾವಿಗೇ ಇಳಿಯುತ್ತದೆ ಎಂದು ಹೇಳಲು ಎಂಜಿನಿಯರು ಬೇಕಿಲ್ಲ.

ಅದನ್ನು ತಡೆದು ನಿಲ್ಲಿಸಿದ್ದವರು ನಮ್ಮ ವಾರ್ಡಿನ ಮೆಂಬರು. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸ ಮಾಡಿ ಎದೆ ಸವೆಸಿಕೊಂಡು ಬಂದಿದ್ದ ಮುದುಕ. ಸಭೆಯಲ್ಲಿ ಎರಡು ಮಾತಾಡಿದರೆ ನಾಲ್ಕು ಸಲ ಕೆಮ್ಮುತ್ತಿದ್ದರು, ಆದರೆ ಕೈ ಎತ್ತಬೇಕಾದಾಗ ಎತ್ತುತ್ತಿದ್ದರು. ಅವರಿದ್ದರೆ ಗುಂಡಿಯ ವಿರುದ್ಧ ಒಂದು ಮತ ಹೆಚ್ಚು. ಅವರಿಲ್ಲದಿದ್ದರೆ ಎರಡು ಕಡೆಗೂ ಸಮ. ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ಮತ ಹಾಕುವ ಹಕ್ಕು. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮುದುಕ ಒಂದು ಬೇಸಿಗೆಯಲ್ಲಿ ಗಣಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ತಿಥಿ ಮುಗಿದ ಮೂರನೇ ದಿನ ನಾನು ಪುರಸಭೆಯ ಹೆಡ್ ಕ್ಲಾರ್ಕ್ ಹತ್ತಿರ ಹೋಗಿ ಚುನಾವಣೆ ಯಾವಾಗ ಎಂದು ಕೇಳಿದೆ.

"ಯಾವ ಚುನಾವಣೆ? ಸೀಟು ಇನ್ನೂ ಖಾಲಿಯಾಗಿಲ್ಲವಲ್ಲ" ಎಂದರು.

"ಸತ್ತಿದ್ದು ಊರಿಗೇ ಗೊತ್ತಲ್ಲ ಸ್ವಾಮಿ. ಹೆಣಕ್ಕೆ ಹೆಗಲು ಕೊಟ್ಟೋರಲ್ಲಿ ನೀವೂ ಇದ್ರಿ."

"ಕೊಟ್ಟಿದ್ದೆ ಕಣಯ್ಯ. ಹೆಗಲಿಗೆ ಗೊತ್ತು, ಫೈಲಿಗೆ ಗೊತ್ತಿಲ್ಲ."

ಆಮೇಲೆ ಅವರೇ ಕೂರಿಸಿ ವಿವರಿಸಿದರು. ಮರಣದ ದಾಖಲೆ ಬರಬೇಕು. ಅದನ್ನು ಸಭೆಯ ಮುಂದಿಟ್ಟು ಸ್ಥಾನ ತೆರವಾಗಿದೆ ಎಂದು ನಡವಳಿ ಪುಸ್ತಕದಲ್ಲಿ ಬರೆಯಬೇಕು. ಅದರ ನಕಲು ಕೋಲಾರಕ್ಕೆ, ಡಿ.ಸಿ. ಸಾಹೇಬರಿಗೆ ಹೋಗಬೇಕು. ಅವರು ತಾರೀಕು ಕೊಟ್ಟರೆ ತಾಲ್ಲೂಕಿನ ಅಮಲ್ದಾರರು ಚುನಾವಣೆ ನಡೆಸುತ್ತಾರೆ. ಮತದಾರರ ಪಟ್ಟಿ, ನಾಮಪತ್ರ, ಪರಿಶೀಲನೆ, ವಾಪಸು, ಮತದಾನ, ಈ ಕ್ರಮದಲ್ಲಿ. ಯಾರೂ ಒತ್ತಾಯ ಮಾಡದೆ ದಿನ ಕಳೆದು, ಉಳಿದ ಅವಧಿ ತೀರ ಕಡಿಮೆಯಾಗಿಬಿಟ್ಟರೆ ಸೀಟನ್ನು ಹಾಗೇ ಬಿಟ್ಟುಬಿಡಲೂಬಹುದು. ಅಧ್ಯಕ್ಷರ ಕಡೆಯವರಿಗೆ ಬೇಕಾಗಿದ್ದದ್ದು ಅದೇ. ನಮಗಿದ್ದ ಒಂದೇ ಅನುಕೂಲವೆಂದರೆ, ಗುಂಡಿಯ ಜಾಗಕ್ಕೆ ಆರೋಗ್ಯಾಧಿಕಾರಿಯ ಒಪ್ಪಿಗೆ ಕಾಗದ ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ವಿಷಯ ಸಭೆಗೆ ಬರುವಂತಿಲ್ಲ. ಅದಕ್ಕೆ ಮುಂಚೆ ಸೀಟಿನಲ್ಲಿ ನಮ್ಮವರೊಬ್ಬರು ಕೂತಿರಬೇಕು.

ಮರಣದ ದಾಖಲೆಯಲ್ಲೇ ಮೊದಲ ಎಡವು. ಪುರಸಭೆಯಲ್ಲಿ ಅವರು ಮುನಿಸ್ವಾಮಪ್ಪ. ಗಣಿಯ ಆಸ್ಪತ್ರೆ ಕೊಟ್ಟ ಕಾಗದದಲ್ಲಿ ಮುನುಸಾಮಿ, ಮುಂದೆ ಗಣಿ ಕೆಲಸದ ಟಿಕೆಟ್ ನಂಬರು. ಇಬ್ಬರೂ ಒಬ್ಬರೇ ಎಂದು ಬರೆಸಿಕೊಂಡು ಬರಲು ನಾಲ್ಕು ಸಲ ರೈಲು ಹತ್ತಿದೆ. ಗಣಿಯ ಟೈಮ್ ಆಫೀಸಿನ ಗುಮಾಸ್ತ ತಮಿಳಿನವನು, ಎರಡೂ ಕಾಗದ ಪಕ್ಕಪಕ್ಕ ಇಟ್ಟು ನಕ್ಕ.

"ಎನ್ನಾ ಸಾರ್, ಇಲ್ಲಿ ಮೂವತ್ತು ವರ್ಷ ಬರೀ ಸಾಮಿ. ನಿಮ್ಮೂರಿಗೆ ಬಂದು ಅಪ್ಪ ಆಗ್ಬಿಟ್ರಾ?"

"ಮೆಂಬರಾದ್ರಲ್ಲ, ಬಾಲ ಬೆಳೀತು" ಎಂದೆ. ಆ ನಗುವಿನಲ್ಲಿ ಮೊಹರು ಹಾಕಿಸಿಕೊಂಡೆ. ಕಾಗದ ಕೋಲಾರ ಮುಟ್ಟುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಈ ನಡುವೆ ಗೂಡ್ಸ್ ಷೆಡ್ಡಿನ ಮೇಸ್ತ್ರಿ ತಾನು ನಿಲ್ಲುವುದಾಗಿ ಸಾರಿಬಿಟ್ಟಿದ್ದ. ಮೂಟೆ ಹೊರುವವರೆಲ್ಲ ಅವನ ಕೈಕೆಳಗೆ. ಯಾರಿಗೆ ಯಾವ ವ್ಯಾಗನ್ನು ಎಂದು ಬೆಳಿಗ್ಗೆ ಹೆಸರು ಕೂಗುವವನು ಅವನು. ಅವನ ಮಾತು ಕೇಳದವನ ಹೆಸರು ಮರುದಿನ ಕೂಗುವುದಿಲ್ಲ. ಅಧ್ಯಕ್ಷರ ಮನೆಗೂ ಅವನಿಗೂ ಹೋಗಿಬರುವ ಬಳಕೆ ಇತ್ತು. ಅವನ ಎದುರಿಗೆ ನಿಲ್ಲಿಸಲು ನನ್ನ ಕಣ್ಣಿಗೆ ಕಂಡದ್ದು ತೀರಿಕೊಂಡವರ ಹೆಂಡತಿ. ಬೀದಿಯ ಎಲ್ಲ ಹೆರಿಗೆಗಳಿಗೂ ಕರೆಯುತ್ತಿದ್ದದ್ದು ಆಕೆಯನ್ನೇ. ಹೆಂಗಸರು ಆಕೆಯ ಮಾತು ಮೀರುತ್ತಿರಲಿಲ್ಲ. ಕೇಳಲು ಹೋದಾಗ ಆಕೆ ರಾಗಿ ಕೇರುತ್ತಿದ್ದರು.

"ನಂಗ್ಯಾಕಪ್ಪ ಆ ಕುರ್ಚಿ? ನಮ್ಮನೇವ್ರು ಅದ್ರಾಗೆ ಕೂತು ಕೆಮ್ಮಿದ್ದೇ ಬಂತು."

"ಅಕ್ಕ, ಗುಂಡಿ ಮಾತು ಸಭೆಗೆ ಬರೋ ದಿನ ಅಲ್ಲಿ ಒಂದು ಕೈ ಬೇಕು."

ಮೊರ ಕೆಳಗಿಟ್ಟು ತಮ್ಮ ಕೈ ನೋಡಿಕೊಂಡರು. "ಈ ಕೈಯಾಗೆ ಇಡಿದಿರೋ ಕೂಸುಗಳೇ ಆ ನೀರು ಕುಡಿಯೋದು. ಆಗ್ಲಿ, ಎತ್ತುತೀನಿ. ಸಭೇಲಿ ಭಾಷ್ಣ ಗೀಷ್ಣ ಅಂದ್ರೆ ಮಾತ್ರ ನಂಗಾಗಕಿಲ್ಲ."

ಮತ ಎಣಿಸಲು ಕೂತೆ. ಗಣಿಗೆ ಹೋಗುವವರು ನಮ್ಮ ಕಡೆ, ಷೆಡ್ಡಿನವರು ಮೇಸ್ತ್ರಿ ಕಡೆ, ಉಳಿದ ತೂಕವೆಲ್ಲ ಹೆಂಗಸರದು. ಈ ಲೆಕ್ಕವನ್ನು ಹೆಡ್ ಕ್ಲಾರ್ಕಿಗೆ ಹೇಳಿದರೆ ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ನಿಮ್ಮ ಬೀದೀಲಿ ಹೆಂಗಸರೇ ಇಲ್ಲವಲ್ಲಯ್ಯ ಪಟ್ಟೀಲಿ!"

ನಡೆದದ್ದು ಹೀಗೆ. ಹಿಂದೆ ಪಟ್ಟಿ ಬರೆಯುವವರು ಹಗಲು ಹೊತ್ತು ಬಂದಾಗ ಮನೆಯಲ್ಲಿದ್ದವರು ಹೆಂಗಸರು. ಅಪರಿಚಿತ ಗಂಡಸಿನ ಮುಂದೆ ತಮ್ಮ ಹೆಸರು ಹೇಳಲು ನಾಚಿಕೆ. ಗಂಡನ ಹೆಸರಂತೂ ಹೇಳಲೇಕೂಡದು, ಹೇಳಿದರೆ ಅವನ ಆಯಸ್ಸು ಕುಂದುತ್ತದೆ. ಅಕ್ಕಪಕ್ಕದವರು ಹೇಳಿದ ಹಾಗೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದು ಬರೆದುಕೊಂಡು ಹೋದರು. ಸ್ವಂತ ಹೆಸರಿಲ್ಲದ ನಮೂದುಗಳು ನಿಲ್ಲುವುದಿಲ್ಲ ಎಂದು ಮೇಲಿನಿಂದ ಹುಕುಂ ಬಂದಾಗ ಅಷ್ಟನ್ನೂ ಹೊಡೆದುಹಾಕಿದರು. ಈಗ ಸೇರಿಸಬೇಕಾದರೆ ಒಬ್ಬೊಬ್ಬರಿಗೂ ಒಂದೊಂದು ಅರ್ಜಿ. ಅದರಲ್ಲಿ ಆಕೆಯ ಹೆಸರು, ಗಂಡನ ಹೆಸರು, ಮನೆ ನಂಬರು. ಗಡುವಿಗೆ ಉಳಿದದ್ದು ಒಂಬತ್ತು ದಿನ.

"ಪಟ್ಟಿ ಅಲ್ಲೇ ಗೋಡೆಗೆ ಹಾಕಿದೆ. ಯಾವ ಮನೇಲಿ ಗಂಡಸಿನ ಹೆಸರು ಏನಂತಿದೆ ನೋಡಿ ಬರ್ಕೊಂಡು ಹೋಗು, ಆಮೇಲೆ ಅರ್ಜಿ ತುಂಬು" ಎಂದು ಆ ಪುಣ್ಯಾತ್ಮ ಹೇಳಿದರು. ನಾನು ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಬೂದಿಕೋಟೆಯಿಂದ ಒಂದು ಗಾಡಿ ಚೀಲ ಬರುವುದಿತ್ತು. ನನ್ನ ಬೀದಿಯವರ ಹೆಸರು ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಗೊತ್ತಿದ್ದದ್ದು ಏನು? ಒಬ್ಬನನ್ನು ಕರಿಯ ಎನ್ನುತ್ತಿದ್ದೆವು, ಒಬ್ಬನನ್ನು ರೈಲು ಅಂತ, ಇನ್ನೊಬ್ಬನನ್ನು ದೊಡ್ಡೋನು ಅಂತ.

ಹಗಲು ಹತ್ತು ಗಂಟೆಗೆ ಬಾವಿಕಟ್ಟೆಯ ಮೇಲೆ ಅರ್ಜಿಗಳ ಕಟ್ಟು, ಮಸಿಕುಡಿಕೆ ಇಟ್ಟುಕೊಂಡು ಕೂತೆ. ನಮ್ಮ ಅಭ್ಯರ್ಥಿ ಪಕ್ಕದಲ್ಲೇ ಕೂತು, "ಯೋಳ್ರೇ, ನಿಮ್ಮೆಸ್ರಿಗೇನು ಕಾಸು ಕೊಡ್ಬೇಕಾ?" ಎಂದು ಹುರಿದುಂಬಿಸಿದರು. ಬಿಂದಿಗೆ ಇಳಿಸಿ ಒಬ್ಬೊಬ್ಬರೇ ಬಂದರು. ತಮ್ಮ ಹೆಸರನ್ನು ಸೆರಗಿನೊಳಗಿಂದ ಹೇಳಿದರು. ಕೆಲವರಿಗೆ ಮದುವೆಯಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ. ಹೇಳಿ ತಾವೇ ನಗುತ್ತಿದ್ದರು. ಗಂಡನ ಹೆಸರಿಗೆ ಬಂದಾಗ ಮಾತು ನಿಲ್ಲುತ್ತಿತ್ತು.

"ಬರೀಲೇಬೇಕಮ್ಮ."

"ಬ್ಯಾಡ ಅಣ್ಣ, ಅದೊಂದು ಕೇಳ್ಬ್ಯಾಡ."

"ಸುಳಿವಾದ್ರೂ ಕೊಡು."

ಯಲ್ಲಮ್ಮ ಎಂಬಾಕೆ ಆಕಾಶ ನೋಡಿದಳು. "ಬೆಟ್ಟದ ಮ್ಯಾಲೆ ನಿಂತವ್ನಲ್ಲ ಸಾಮಿ, ನಾವೆಲ್ಲ ಮುಡಿ ಕೊಡಾಕ್ಕೋಗ್ತೀವಲ್ಲ, ಅವ್ನ ಎಸ್ರೇ."

"ವೆಂಕಟಪ್ಪ!" ಎಂದೆ. ಆಕೆ ನಕ್ಕಳು, ಸುತ್ತ ಇದ್ದವರೂ ನಕ್ಕರು. ನಗುವನ್ನು ಹೌದು ಎಂದುಕೊಂಡು ಬರೆದೆ. ಇನ್ನೊಬ್ಬಳು, "ಆರು ಮೊಕ ಇರೋ ದೇವ್ರು" ಎಂದಳು. ಸುಬ್ಬರಾಯಪ್ಪ ಎಂದು ಬರೆದೆ. ಮತ್ತೊಬ್ಬಳು, "ಆವಿನ ಮ್ಯಾಲೆ ಮನಗಿರ್ತಾನೆ" ಎಂದಳು. ರಂಗಪ್ಪ. ನನಗೋ ಖುಷಿ. ಒಗಟು ಬಿಡಿಸುವುದರಲ್ಲಿ ಜಾಣ ಎಂದು ಹೆಂಗಸರು ಹೊಗಳುತ್ತಿದ್ದಾರೆ, ಅರ್ಜಿಗಳು ಸರಸರ ತುಂಬುತ್ತಿವೆ.

"ಅಪ್ಪಯ್ಯ, ಸಾಯಂಕಾಲ ಗಂಡಸ್ರು ಬಂದ್ಮೇಲೆ ಒಂದ್ಸಾರಿ ಕೇಳಿ ಸರಿ ಮಾಡ್ಕೋ" ಎಂದರು ನಮ್ಮ ಅಭ್ಯರ್ಥಿ.

"ಬೇಡ ಅಕ್ಕ, ಎಲ್ಲಾ ಸರಿಯಾಗದೆ" ಎಂದೆ.

ಬೆಟ್ಟದ ಸ್ವಾಮಿಗೆ ಎಷ್ಟು ಹೆಸರು! ವೆಂಕಟಪ್ಪ, ತಿಮ್ಮಯ್ಯ, ಶ್ರೀನಿವಾಸ, ಗೋವಿಂದ, ತೆಲುಗಿನವರಿಗೆ ಏಡುಕೊಂಡಲು. ಆರು ಮುಖದವನು ನಮಗೆ ಸುಬ್ಬರಾಯ, ತಮಿಳಿನವರಿಗೆ ಆರ್ಮುಗಂ, ಮುರುಗೇಶ, ವೇಲು. ಮೂರು ಭಾಷೆ ಮಾತಾಡುವ ಬೀದಿಯಲ್ಲಿ ನಾನು ಎಲ್ಲ ದೇವರನ್ನೂ ನನಗೆ ತಿಳಿದ ಒಂದೇ ಹೆಸರಿನಲ್ಲಿ ಬರೆದಿದ್ದೆ. ತಪ್ಪಾಗಿದ್ದರೆ ಅವರೇಕೆ ತಿದ್ದಲಿಲ್ಲ ಎಂದು ನೀವು ಕೇಳಬಹುದು. 'ಅದಲ್ಲ' ಎಂದರೆ ನಾನು ಇನ್ನೊಂದು ಹೆಸರು ಹೇಳುತ್ತೇನೆ, ಹಾಗೇ ಹೋಗಿ ನಿಜವಾದ ಹೆಸರಿಗೆ ಬರುತ್ತೇನೆ, ಆಗ 'ಅದೇ' ಎನ್ನಬೇಕಾಗುತ್ತದೆ. ಹಾಗೆನ್ನುವುದೂ ಹೆಸರು ಹೇಳಿದಂತೆಯೇ. ಅದಕ್ಕೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಇಂಥ ಹೆಂಗಸರ ನಡುವೆಯೇ. ತಿಳಿಯಬೇಕಿತ್ತು.

ಎಂಬತ್ತು ಚಿಲ್ಲರೆ ಅರ್ಜಿಗಳನ್ನು ಕೊನೆಯ ದಿನ ತಾಲ್ಲೂಕು ಕಚೇರಿಗೆ ಕೊಟ್ಟೆ. ವಾರ ಕಳೆದು ವಿಚಾರಣೆಗೆ ಕಂದಾಯದ ಶೇಕ್‌ದಾರರು ಬಂದರು. ಅದು ರಜಾದಿನ. ಗಂಡಸರೆಲ್ಲ ಮನೆಯಲ್ಲೇ ಇದ್ದರು. ಬೀದಿಯ ಮಧ್ಯೆ ನಿಂತು ಅವರು ಗಟ್ಟಿಯಾಗಿ ಕೂಗಿದರು, "ಮನೆ ನಂಬರ್ ಹದಿನಾಲ್ಕು. ಯಲ್ಲಮ್ಮ, ವೆಂಕಟಪ್ಪನ ಹೆಂಡತಿ!"

ಹದಿನಾಲ್ಕನೇ ಮನೆಯಿಂದ ತಿಮ್ಮಯ್ಯ ಲುಂಗಿ ಬಿಗಿದುಕೊಂಡು ಹೊರಬಂದ. "ಯಾವನ್ಲಾ ಅವ್ನು ವೆಂಕಟಪ್ಪ? ನನ್ ಎಂಡ್ರುನ್ನ ಯಾವನ್ ಎಂಡ್ರು ಅಂತೀಯ?"

ಬೀದಿ ಗೊಳ್ಳೆಂದಿತು. "ತಿಮ್ಮಣ್ಣ, ವೆಂಕಟಪ್ಪ ಒಳಗವ್ನೇನೋ, ಅಟ್ಟದ ಮ್ಯಾಲೆ ನೋಡ್ಲಾ!" ಎಂದು ಯಾರೋ ಕೂಗಿದರು. ಒಳಗಿನಿಂದ ಯಲ್ಲಮ್ಮನ ದನಿ ಬಂತು. "ಯಾವನೋ ವೆಂಕಟಪ್ಪನ ಎಂಡ್ತಿನಾ ನಾನು? ಬರ್ದೋನ ಕೈಗೆ ಲಕ್ವ ಒಡೀಲಿ!"

ಆಮೇಲೆ ನಗು ನಿಂತಿತು. ಮನೆಯಿಂದ ಮನೆಗೆ ಅದೇ ಕಥೆ. ಆರ್ಮುಗಂನ ಹೆಂಡತಿ ಸುಬ್ಬರಾಯಪ್ಪನವಳಾಗಿದ್ದಳು, ನಾರಾಯಣನ ಹೆಂಡತಿ ರಂಗಪ್ಪನವಳು. ಹೆಂಡಿರನ್ನು ಬದಲಾಯಿಸಿ ಬರೆದವನು ಯಾರು ಎಂದು ಗಂಡಸರು ಕೇಳತೊಡಗಿದರು. ಹೆಂಗಸರು ಬಾಗಿಲು ಹಾಕಿಕೊಂಡರು. ನಾನು ಓಡಿಹೋಗಿ ಶೇಕ್‌ದಾರರ ಕೈ ಹಿಡಿದುಕೊಂಡು ಎಲ್ಲ ಬಿಡಿಸಿ ಹೇಳಿದೆ. ಕೆಟ್ಟ ಮನುಷ್ಯರಲ್ಲ, ಪೂರ್ತಿ ಕೇಳಿದರು.

"ನೀವು ಹೇಳೋದು ನಿಜವೇ ಇರಬಹುದು. ಆದ್ರೆ ಅರ್ಜೀಲಿರೋ ಹೆಂಗಸು ಇಲ್ಲಿಲ್ಲ. ಇಲ್ಲಿರೋ ಹೆಂಗಸು ಅರ್ಜೀಲಿಲ್ಲ. ನಾನು ಏನಂತ ಬರೀಲಿ?"

ಅಂಥವರು ಆ ಮನೆಯಲ್ಲಿ ವಾಸವಿಲ್ಲ ಎಂದು ಬರೆದರು. ಉಳಿದ ಅರ್ಜಿಗಳು ಇಪ್ಪತ್ತರ ಒಳಗೆ. ಅದರಲ್ಲಿ ನಮ್ಮ ಅಭ್ಯರ್ಥಿಯದು ಒಂದು, ಆಕೆಯ ಗಂಡನ ಹೆಸರು ಊರಿಗೇ ಗೊತ್ತಿತ್ತಲ್ಲ. ಗಡುವು ದಾಟಿತ್ತು. ಮತ್ತೆ ಅರ್ಜಿ ಕೊಡುವಂತಿರಲಿಲ್ಲ.

ನಾಮಪತ್ರ ಹಾಕಿದೆವು, ಪರಿಶೀಲನೆಯಲ್ಲೂ ಪಾಸಾಯಿತು. ಆದರೆ ಎಣಿಕೆ ಹೇಗೆ ತಿರುಗಿಸಿದರೂ ಸೋಲೇ. ನಾಮಪತ್ರ ವಾಪಸು ಪಡೆಯಲು ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ಸಮಯ. ಹನ್ನೆರಡಕ್ಕೆ ಮೇಸ್ತ್ರಿ ನನ್ನನ್ನು ಷೆಡ್ಡಿಗೆ ಕರೆಸಿಕೊಂಡ.

"ಏನ್ ಚೀಲದಣ್ಣ, ಮುದುಕಮ್ಮನ್ನ ಯಾಕೆ ಬೀದಿಗೆಳೀತೀಯ? ತೆಗೆಸ್ಬಿಡು. ಅವಿರೋಧ ಅಂತ ಆದ್ರೆ ನಂಗೂ ಮರ್ವಾದೆ, ಆಯಮ್ಮಂಗೂ ಮರ್ವಾದೆ."

"ಗುಂಡಿ ವಿಷಯ ಏನು ಮಾಡ್ತೀಯ?"

"ಆ ನೀರು ನಮ್ಮೋರೂ ಕುಡೀತಾರೆ ಕಣಣ್ಣ. ಗಂಗಮ್ಮನಾಣೆ, ಗುಂಡಿಗೆ ನಾನು ಕೈ ಎತ್ತಲ್ಲ."

ಬರೆದುಕೊಡು ಎಂದೆ. "ನನ್ ಮಾತಿಗಿಂತ ಕಾಗ್ದ ದೊಡ್ದಾ?" ಎಂದ. ಸಂತೆಯಲ್ಲಿ ದನದ ವ್ಯಾಪಾರಕ್ಕೆ ಟವಲ್ ಕೆಳಗೆ ಬೆರಳು ಹಿಡಿಯುವವರೂ ಕಾಗದ ಬರೆಯುವುದಿಲ್ಲ, ಮಾತು ನಿಲ್ಲುತ್ತದೆ. ನಾನು ಅದೇ ಸಂತೆಯಲ್ಲಿ ಬೆಳೆದವನು. ಒಪ್ಪಿದೆ. ಸೋಲುವ ಸರಕನ್ನು ಕೊಟ್ಟು ಗೆಲ್ಲುವ ಸರಕು ಕೊಂಡೆ ಎಂದು ಹಿಗ್ಗಿದೆ.

ಹೋಗಿ ನಮ್ಮ ಅಭ್ಯರ್ಥಿಗೆ ಹೇಳಿದೆ. "ನಿಂತು ಸೋತ್ರೆ, ಸೋತೆ ಅಂತ ಗೊತ್ತಾಯ್ತದೆ. ಬಿಟ್ಕೊಟ್ರೆ ಏನಂತ ಗೊತ್ತಾಯ್ತದಪ್ಪ?" ಎಂದರು. ನಾನು ಮತಗಳ ಲೆಕ್ಕ ಒಪ್ಪಿಸಿದೆ. "ಆಗ್ಲಿ. ಆದ್ರೆ ಇದು ನಿನ್ ಬುದ್ಧಿ, ನಂದಲ್ಲ. ಗ್ಯಾಪ್ಕ ಮಡಿಕ್ಕ" ಎಂದು ಎದ್ದರು. ಎರಡೂವರೆಗೆ ಅಮಲ್ದಾರರ ಮುಂದೆ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು. ಆ ರುಜುವನ್ನು ನಾಮಪತ್ರಕ್ಕೆಂದು ನಾನೇ ಕಲಿಸಿದ್ದೆ.

ಮೇಸ್ತ್ರಿ ಅವಿರೋಧವಾಗಿ ಆಯ್ಕೆಯಾದ, ಪಟಾಕಿ ಹೊಡೆದರು. ಆರೋಗ್ಯಾಧಿಕಾರಿಯ ಕಾಗದ ಮುಂದಿನ ತಿಂಗಳೇ ಬಂತು. ವಿಷಯ ಸಭೆಗೆ ಬಂದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಗುಂಡಿಯ ಠರಾವು ಓದುತ್ತಿದ್ದಂತೆ ಮೇಸ್ತ್ರಿ ಎದ್ದುನಿಂತ. ಈಗ ಮಾತಾಡುತ್ತಾನೆ ಎಂದುಕೊಂಡೆ. "ಅಧ್ಯಕ್ಷರೇ, ಷೆಡ್ಡಿಗೆ ವ್ಯಾಗನ್ ಬಂದದೆ, ನಾನು ಬತ್ತೀನಿ" ಎಂದು ನಮಸ್ಕಾರ ಹಾಕಿ ಹೊರಟುಹೋದ. ಮತ ಸಮಸಮ. ಅಧ್ಯಕ್ಷರು ತಮ್ಮ ಇನ್ನೊಂದು ಮತ ಹಾಕಿದರು. ಹತ್ತು ನಿಮಿಷದ ಕೆಲಸ.

ಷೆಡ್ಡಿಗೆ ಹೋಗಿ ಅವನ ಎದೆಯ ಮೇಲಿನ ಟವಲ್ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲೂ ಇಲ್ಲ.

"ಏನಂದಿದ್ದೆ ನಾನು? ಗುಂಡಿಗೆ ಕೈ ಎತ್ತಲ್ಲ ಅಂದಿದ್ದೆ. ಎತ್ತಿದ್ನಾ? ಆಣೆ ಮುರಿದಿಲ್ಲ ಕಣಣ್ಣ. ಗುಂಡಿ ವಿರುದ್ಧ ಎತ್ತು ಅಂತ ನೀನು ಕೇಳ್ಲೇ ಇಲ್ಲ."

ಡಿ.ಸಿ. ಸಾಹೇಬರಿಗೆ ಅರ್ಜಿ ಬರೆದೆ. ಠರಾವು ಕ್ರಮಬದ್ಧವಾಗಿದೆ ಎಂದು ಉತ್ತರ ಬಂತು. ಗುಂಡಿ ತೋಡಿದರು. ಮೊದಲ ಮಳೆಗೆ ಬಾವಿಯ ನೀರು ಬಣ್ಣ ತಿರುಗಿತು. ಬೇದಿ ಶುರುವಾಯಿತು, ಮೊದಲು ಮಕ್ಕಳಿಗೆ. ಹೆಂಗಸರು ಬಿಂದಿಗೆ ಹೊತ್ತು ಸ್ಟೇಷನ್ನಿಗೆ ಹೋಗಿ, ಎಂಜಿನ್ನಿಗೆ ನೀರು ತುಂಬುವ ಕೊಳಾಯಿಯ ಹತ್ತಿರ ಬೈಸಿಕೊಂಡು ತರಲು ಕಲಿತರು. ಅವರು ಸಾಲಾಗಿ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೌಕಾಸಿಗೆ ಒಂದು ದಾರಿಯಿರುತ್ತಿತ್ತು.

ಮುಂದಿನ ಸಾರ್ವತ್ರಿಕ ಚುನಾವಣೆಯ ಪಟ್ಟಿಗೆ ಹೆಸರು ಬರೆದುಕೊಳ್ಳಲು ಜನ ಬಂದಾಗ ಆ ಹೆಂಗಸರು ತಮ್ಮ ಹೆಸರನ್ನೂ ಹೇಳಲಿಲ್ಲ. ನಾನು ನಮ್ಮ ಅಭ್ಯರ್ಥಿಯಾಗಿದ್ದ ಆಕೆಯ ಹತ್ತಿರ ಹೋಗಿ, ನೀವಾದರೂ ಅವರಿಗೆ ಹೇಳಿ ಎಂದು ಬೇಡಿಕೊಂಡೆ.

"ಒಂದ್ಸಾರಿ ಬಾಯ್ಬಿಟ್ವಿ. ಬೀದಿ ನಡುವೆ ಕೂಗಿ ಬ್ಯಾರೆಯೋರ ಎಂಡ್ರು ಮಾಡಿದ್ರಿ. ಇನ್ಯಾವ ಬಾಯಲ್ಲಿ ಯೋಳಿ ಅನ್ಲಪ್ಪ?" ಎಂದರು. ಕೂರು ಎನ್ನಲಿಲ್ಲ.

ನಿಮ್ಮ ವಾರ್ಡಿನಲ್ಲೂ ಒಂದು ದಿನ ಸೀಟು ಖಾಲಿಯಾಗುತ್ತದೆ. ಆಗ ಮೊದಲ ವಾರದಲ್ಲೇ ಮರಣದ ಕಾಗದ ಹಿಡಿದು ಹೋಗಿ, ತೆರವಾದದ್ದನ್ನು ನಡವಳಿಯಲ್ಲಿ ಬರೆಸಿ ನಕಲು ಇಸಿದುಕೊಳ್ಳಿ. ಅಭ್ಯರ್ಥಿಯನ್ನು ಆಮೇಲೆ ಹುಡುಕಿ, ಮೊದಲು ಮತದಾರರ ಪಟ್ಟಿಯನ್ನು ಕಣ್ಣಾರೆ ಓದಿ. ನಿಮಗೆ ಗೊತ್ತಿರುವ ಹೆಸರು ಕರೆಯುವ ಹೆಸರು, ಪಟ್ಟಿಯಲ್ಲಿರುವುದು ಬೇರೆ. ಹೆಂಗಸರ ಹತ್ತಿರ ಅವರ ಹೆಸರನ್ನಷ್ಟೇ ಕೇಳಿ, ಗಂಡನ ಹೆಸರಿನ ಜಾಗ ಖಾಲಿ ಬಿಟ್ಟು ಸಾಯಂಕಾಲ ಗಂಡನನ್ನೇ ಕೇಳಿ ತುಂಬಿ. ನಕ್ಕರೆ ಹೌದೆಂದುಕೊಳ್ಳಬೇಡಿ. ನಾಮಪತ್ರ ವಾಪಸು ಕೊಡುವುದೆಂದರೆ ಕೈಯಲ್ಲಿದ್ದ ಒಂದೇ ಸರಕನ್ನು ಮುಂಗಡವಾಗಿ ಕೊಟ್ಟ ಹಾಗೆ, ಆಮೇಲೆ ಕೇಳಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಸೋಲುವುದು ಗೊತ್ತಿದ್ದರೂ ಅಭ್ಯರ್ಥಿಯನ್ನು ಕಣದಲ್ಲೇ ಉಳಿಸಿ. ಯಾರಾದರೂ ಇಂಥದ್ದು ಮಾಡುವುದಿಲ್ಲ ಎಂದು ಆಣೆ ಇಟ್ಟರೆ, ಏನು ಮಾಡುತ್ತೀಯ ಎಂದು ಕೇಳಿ ಅದಕ್ಕೂ ಆಣೆ ಹಾಕಿಸಿ. ಇದನ್ನೆಲ್ಲ ಮಾಡಿದರೂ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ.

ಆ ಬೀದಿಯ ಕಡೆ ಹೋದರೆ ಯಾರ ಮನೆಯಲ್ಲೂ ನೀರು ಕೇಳಬೇಡಿ. ಕಾಫಿ ಕೊಟ್ಟರೆ ಕುಡಿಯಬಹುದು, ಅದು ಕುದಿಸಿದ್ದು.